ಬಿಚ್ಚದೇನೇ ಮರದ ಕೀಲು ಒಳಗೆ ಹಾಳಾಗಿದೆಯಾ ಅಂತ ಪೀಜೋ ಸೆನ್ಸರ್‌ನಿಂದ ಗೊತ್ತಾಗತ್ತಾ?

ಹಳೇ ಮನೆ ಇಟ್ಕೊಂಡಿರೋರು ಪದೇ ಪದೇ ಕೇಳೋ ಪ್ರಶ್ನೆ ಇದು. ತೊಲೆ ಬಂದು ಕಂಬಕ್ಕೆ ಕೂಡೋ ಜಾಗ ಹೊರಗಿಂದ ಗಟ್ಟಿಯಾಗೇ ಕಾಣತ್ತೆ, ಒಳಗೆ ಕುಟ್ಟೆ ಹಿಡಿದಿದೆಯೋ ಕೊಳೆತಿದೆಯೋ ಗೊತ್ತಿಲ್ಲ, ಬಿಚ್ಚಿ ನೋಡೋಣ ಅಂದ್ರೆ ಮೇಲಿಂದ ಹಂಚೆಲ್ಲಾ ಇಳಿಸಬೇಕು, ಅದರ ಬದಲು ಒಂದು ಪೀಜೋ ಸೆನ್ಸರ್ (ನಡುಕ ಗುರುತಿಸೋ ಸಣ್ಣ ಬಿಲ್ಲೆ) ಅಂಟಿಸಿದ್ರೆ ಸಾಕಾ ಅಂತ. ಅಂಟಿಸಬಹುದು, ಉಪಯೋಗಾನೂ ಇದೆ. ಆದ್ರೆ ಅದು ಹೇಳೋದು ಒಂದೇ ಮಾತು: "ಈ ಕೀಲು ಮೊದಲಿನ ಥರ ಇಲ್ಲ." ಆ ಮೊದಲಿನದು ಹೇಗಿತ್ತು ಅನ್ನೋ ರೆಕಾರ್ಡ್ ನಿಮ್ಮ ಹತ್ರ ಇದ್ರೆ ಮಾತ್ರ ಆ ಮಾತಿಗೆ ಬೆಲೆ.

ಗ್ಯಾಸ್ ಲೈಟರ್ ಟಕ್ ಅಂತ ಒತ್ತಿದಾಗ ಕಿಡಿ ಹಾರತ್ತಲ್ಲ, ಅದರೊಳಗಿರೋದು ಪೀಜೋನೇ. ಒತ್ತಡ ಬಿದ್ರೆ ಕರೆಂಟ್ ಹುಟ್ಟತ್ತೆ, 1880ರಲ್ಲಿ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದಿದ್ದು ಇದನ್ನೇ. ಉಲ್ಟಾನೂ ಆಗತ್ತೆ, ಕರೆಂಟ್ ಕೊಟ್ರೆ ಅದು ಹಿಗ್ಗಿ ಕುಗ್ಗಿ ನಡುಗತ್ತೆ. (ಮರಕ್ಕೇ ಈ ಗುಣ ಸ್ವಲ್ಪ ಇದೆ, 1955ರಲ್ಲಿ ಜಪಾನಿನ ಎಯಿಚಿ ಫುಕಾಡ ಅಳೆದು ತೋರಿಸಿದ್ರು, ನನಗೆ ಈಗಲೂ ಆಶ್ಚರ್ಯ ಆಗೋ ವಿಷಯ.) ಸೆನ್ಸರ್‌ಗೆ ಬಳಸೋದು ಪಿಜೆಡ್‌ಟಿ ಅನ್ನೋ ಸೆರಾಮಿಕ್, ಸೀಸ ಜಿರ್ಕೋನಿಯಂ ಟೈಟಾನಿಯಂ ಸೇರಿರೋದು, ತೆಳ್ಳಗೆ ಬಿಲ್ಲೆ ಥರ ಇರತ್ತೆ, ಬಿದ್ರೆ ಒಡೆಯತ್ತೆ.

ನಮ್ಮಜ್ಜನ ಮನೆಗೆ ಬರ್ತಿದ್ದ ಆಚಾರ್ರು ಉಳಿಯ ಹಿಡಿಯಿಂದ ತೊಲೆ ತಟ್ಟಿ, ಕಿವಿ ಕಂಬಕ್ಕೆ ಒತ್ತಿ ಇಟ್ಟು ಕೇಳ್ತಿದ್ರು. ಗಟ್ಟಿ ಇದ್ರೆ ಠಣ್ ಅಂತ ಈಚೆಗೆ ಬರತ್ತೆ, ಒಳಗೆ ಹಾಳಾಗಿದ್ರೆ ಬದ್ ಅಂತ ಅಲ್ಲೇ ಸಾಯತ್ತೆ. ಪೀಜೋ ಮಾಡೋದೂ ಇದೇ ಕೆಲಸಾನೇ, ಕಿವಿಗೆ ಕೇಳಿಸದ ಎತ್ತರದ ಶಬ್ದದಲ್ಲಿ, ಹತ್ತಾರು ಕಿಲೋಹರ್ಟ್ಜ್‌ನಿಂದ ನೂರಾರು ಕಿಲೋಹರ್ಟ್ಜ್‌ವರೆಗೆ. ತೊಲೆ ಮೇಲೊಂದು, ಕಂಬದ ಮೇಲೊಂದು ಬಿಲ್ಲೆ ಅಂಟಿಸ್ತಾರೆ, ಒಂದು ನಡುಗತ್ತೆ, ಇನ್ನೊಂದು ಕೇಳಿಸ್ಕೊಳ್ಳತ್ತೆ. ತೊಲೆಯ ನಾಲಿಗೆ ಕಂಬದ ತೂತಿನೊಳಗೆ ಬಿಗಿಯಾಗಿ ಕೂತಿದ್ರೆ ಅಲೆ ದಾಟತ್ತೆ, ಸಡಿಲ ಆದ ಹಾಗೆ ಮರಕ್ಕೆ ಮರ ತಾಗೋ ಜಾಗ ಕಮ್ಮಿಯಾಗಿ ಆಚೆ ತಲುಪೋ ಶಕ್ತಿನೂ ಕಮ್ಮಿ. ಒಂದೇ ಬಿಲ್ಲೆಯಲ್ಲೂ ಮಾಡ್ತಾರೆ, ಇಂಪೀಡೆನ್ಸ್ ವಿಧಾನ ಅಂತ: ಫ್ರೀಕ್ವೆನ್ಸಿ ಬದಲಾಯಿಸ್ತಾ ಹೋಗಿ ಬಿಲ್ಲೆಯ ವಿದ್ಯುತ್ ತಡೆ ಅಳೀತಾರೆ, ಅಂಟಿರೋ ಮರ ಮೆತ್ತಗಾದ್ರೆ ಗ್ರಾಫಿನ ಶಿಖರಗಳು ಜರುಗತ್ವೆ.

ಮೊಳೆ ಇಲ್ಲದ ಕೀಲುಗಳ ಬಗ್ಗೆ ಇಂಥ ಪ್ರಯೋಗ ಚೀನಾದಲ್ಲಿ ಬಹಳ ಮಾಡಿದಾರೆ, ಕಾರಣಾನೂ ಇದೆ. ಅಲ್ಲಿ ಶಾನ್ಷಿ ಪ್ರಾಂತ್ಯದ ಯಿಂಗ್‌ಷಿಯನ್ ಪಗೋಡ 1056ರದ್ದು, 67 ಮೀಟರ್ ಎತ್ತರ, ಪೂರ್ತಿ ಮರ, ಈಗ ಕೆಳಗಿನ ಅಂತಸ್ತಲ್ಲಿ ಕಂಬಗಳು ವಾಲಿವೆ, ಅಂಥದ್ದನ್ನ ಬಿಚ್ಚಿ ನೋಡ್ತೀವಿ ಅನ್ನೋಕೆ ಯಾರಿಗೂ ಧೈರ್ಯ ಬರಲ್ಲ.

ಈಗ ನಿಜವಾದ ತೊಂದರೆಗೆ ಬರೋಣ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕೋಕೆ ಬರಲ್ಲ ಅಲ್ವಾ, ಬೇಸಿಗೆಗೆ ಅದೇ ಬಾಗಿಲು ಗಾಳಿಗೆ ಬಡ್ಕೊಳ್ಳತ್ತೆ. ಕೀಲೂ ಹಾಗೇ. ಆಷಾಢದಲ್ಲಿ ತಾನಾಗೇ ಬಿಗಿಯಾಗತ್ತೆ, ಏಪ್ರಿಲ್‌ನಲ್ಲಿ ಸಡಿಲ. ಹಾಗಾಗಿ ಜುಲೈಯಲ್ಲಿ ಒಂದು ರೀಡಿಂಗ್ ತಗೊಂಡು ಏಪ್ರಿಲ್‌ನಲ್ಲಿ ಇನ್ನೊಂದು ತಗೊಂಡ್ರೆ ಏನೂ ಹಾಳಾಗದೇ ಇದ್ರೂ ಹಾಳಾದ ಹಾಗೆ ತೋರಿಸತ್ತೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ನಿಜವಾಗಿ ಕೊಳೆತಿರೋ ಕೀಲು ಮಳೆಯಲ್ಲಿ ಉಬ್ಬಿ ಚೆನ್ನಾಗಿದೆ ಅಂತಾನೂ ಅನ್ನಿಸಬಹುದು. ಅದಕ್ಕೇ ಕನಿಷ್ಠ ಒಂದು ವರ್ಷ, ಎಲ್ಲಾ ಕಾಲದ ರೀಡಿಂಗ್ ಬೇಕೇ ಬೇಕು. ಬಿಸಿಲಿಗೂ ಗ್ರಾಫಿನ ಶಿಖರಗಳು ಜರುಗತ್ವೆ. ಅಂಟು ಬಿಟ್ರೂ ರೀಡಿಂಗ್ ಕೆಡತ್ತೆ, ಆಗ ತಪ್ಪು ಮರದ್ದಲ್ಲ. ಇನ್ನೊಂದು, ಮರದಲ್ಲಿ ಅಲೆ ನಾರಿನುದ್ದಕ್ಕೆ ಜೋರಾಗಿ ಓಡತ್ತೆ, ಅಡ್ಡಕ್ಕೆ ಬಹಳ ನಿಧಾನ, ಎತ್ತರದ ಫ್ರೀಕ್ವೆನ್ಸಿ ಸ್ವಲ್ಪ ದೂರಕ್ಕೇ ಸತ್ತುಹೋಗತ್ತೆ, ಒಂದು ಬಿಲ್ಲೆ ಇಡೀ ಮನೆ ಕಾಯಲ್ಲ, ಒಂದು ಕೀಲು ಕಾಯತ್ತೆ ಅಷ್ಟೇ.

ಹಾಗಾದ್ರೆ ಹಳೇ ರೆಕಾರ್ಡೇ ಇಲ್ಲದ ಮನೆಯವರು ಏನು ಮಾಡೋದು? ಮೊದಲು ತೇವ ಅಳೆಯೋ ಮೀಟರ್ ಹಿಡೀರಿ, 20%ಗಿಂತ ಮೇಲಿದ್ದು ಹಾಗೇ ಉಳಿದ್ರೆ ಕೊಳೆಯೋ ಅಪಾಯ ಇದೆ, ಹಂಚಿನ ಸೋರಿಕೆ ಹುಡುಕಿ. ಅನುಮಾನ ಇರೋ ಕಡೆ ತೆಳ್ಳನೆ ಸೂಜಿ ಡ್ರಿಲ್ ಹಾಕಿ ಮರದ ಗಟ್ಟಿತನ ಅಳೆಯೋ ಯಂತ್ರ ಇದೆ, ತೂತು ಸಣ್ಣದು, ಈಗಿನ ಸ್ಥಿತಿಗೆ ಅದರ ಮಾತು ಪೀಜೋಗಿಂತ ನೇರ. ಪೀಜೋ ಸೆನ್ಸರನ್ನ ಕೀಲು ರಿಪೇರಿ ಮಾಡಿಸೋ ದಿನಕ್ಕೆ ಕಾದಿಡಿ. ಆಚಾರ್ರು ಹೊಸ ಬೆಣೆ ಬಡಿದ ದಿನಾನೇ ಬಿಲ್ಲೆ ಅಂಟಿಸಿ, ಅಂಟು ಪೂರ್ತಿ ಒಣಗಿದ ಮೇಲೆ ಮೊದಲ ರೀಡಿಂಗ್ ತಗೊಳ್ಳಿ, ಪಕ್ಕದಲ್ಲಿ ತಾರೀಖು, ತೇವ, ಟೆಂಪರೇಚರ್ ಮೂರನ್ನೂ ಬರೆದಿಡಿ.