ಗಂಜಿ ಎಷ್ಟು ಗಟ್ಟಿ, ತೋಳು ಎಷ್ಟು ದಪ್ಪ

ಮೂರು ಹೊತ್ತೂ ಹೊಟ್ಟೆ ತುಂಬ ಉಣ್ಣುವ ಮಗುವಿನ ತೂಕ ಏರುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಅದರ ಬಟ್ಟಲನ್ನು. ಗಂಜಿಗೆ ಚಮಚ ಅದ್ದಿ ಓರೆ ಮಾಡಿ. ನೀರಿನಂತೆ ಸರ್ರನೆ ಸುರಿದರೆ ಅರ್ಧ ಉತ್ತರ ಸಿಕ್ಕಂತೆ.

ಪುಟ್ಟ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿ.ಲೀ. ಹತ್ತು ಕಿಲೋ ತೂಗುವ ಎರಡು ವರ್ಷದ ಮಗುವಿಗೆ 300 ಮಿ.ಲೀ. ಆಯಿತು. ಹತ್ತರಲ್ಲಿ ಒಂದು ಪಾಲು ಮಾತ್ರ ಹಿಟ್ಟಿರುವ ತೆಳು ಗಂಜಿಯಾದರೆ ಅಷ್ಟರಲ್ಲಿ 30 ಗ್ರಾಂ ಹಿಟ್ಟು, ನೂರು ಕ್ಯಾಲೊರಿಯ ಆಸುಪಾಸು. ದಿನಕ್ಕೆ ಬೇಕಾದದ್ದು ಸುಮಾರು 800. ಮೂರು ಬಾರಿ ಕುಡಿಸಿದರೂ ಅರ್ಧ ದಾರಿ ಮುಟ್ಟುವುದಿಲ್ಲ. ತಾಯಿ ಕಡಿಮೆ ಹಾಕಿದ್ದಲ್ಲ, ನೀರು ಜಾಗ ತಿಂದದ್ದು.

ಹಾಗೆಂದು ಹಿಟ್ಟನ್ನೇ ದುಪ್ಪಟ್ಟು ಮಾಡಿದರೆ ಗಂಜಿ ಅಂಟಂಟಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಮಗು ಮುಖ ತಿರುಗಿಸುತ್ತದೆ, ಮತ್ತೆ ನೀರು ಬೀಳುತ್ತದೆ. ಇದಕ್ಕೆ ಮೊಳಕೆ ಹಿಟ್ಟು ಒಳ್ಳೆಯ ಉಪಾಯ. ಧಾನ್ಯವನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ಮೂರು ದಿನ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ, ಮೊಳಕೆ ಉದುರಿಸಿ ಬೀಸಿಕೊಳ್ಳಬೇಕು. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬೆಂದ ಗಟ್ಟಿ ಗಂಜಿಯನ್ನು ಒಲೆಯಿಂದ ಇಳಿಸಿ, ಕುದಿ ನಿಂತು ಸ್ವಲ್ಪ ಆರಿದ ಮೇಲೆ ಒಂದು ಚಹಾ ಚಮಚ ಈ ಹಿಟ್ಟು ಕದಡಿದರೆ ನಿಮಿಷಗಳಲ್ಲೇ ಸಡಿಲವಾಗುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಿ ಕೊಡಿ. ತಪ್ಪುವುದು ಎರಡು ಕಡೆ: ಮೊಳಕೆ ಧಾನ್ಯವನ್ನು ಕೆಂಪಗೆ ಹುರಿಯುವುದು, ಕುದಿಯುವ ಗಂಜಿಗೇ ಹಿಟ್ಟು ಸುರಿಯುವುದು. ಎರಡರಲ್ಲೂ ಕಿಣ್ವ ಸತ್ತುಹೋಗುತ್ತದೆ. ಇದರ ಜೊತೆಗೆ ಬಟ್ಟಲಿಗೆ ಒಂದು ಚಹಾ ಚಮಚ ಎಣ್ಣೆ ಬಿದ್ದರೆ ಇನ್ನೂ 40 ಕ್ಯಾಲೊರಿ ಸೇರಿತು. ಬೇಳೆಕಾಳು, ಮೊಟ್ಟೆ, ಹಸಿರು ಸೊಪ್ಪು ಬೇಕೇ ಬೇಕು, ಧಾನ್ಯವೊಂದರಿಂದಲೇ ಮಗು ಬೆಳೆಯದು. ಊಟದ ಜೊತೆ ಚಹಾ ಮಾತ್ರ ಬೇಡ, ಅದು ಕಬ್ಬಿಣಾಂಶ ದಕ್ಕದಂತೆ ಮಾಡುತ್ತದೆ.

ಇನ್ನು ಅಳತೆ. ಆರು ತಿಂಗಳಿಂದ ಐದು ವರ್ಷ ತುಂಬುವವರೆಗೆ ಎಡ ತೋಳಿನ ಸುತ್ತಳತೆ ನೋಡಬಹುದು. ಮೊಣಕೈ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು ನಡುವೆ ಗುರುತು ಹಾಕಿ. ಕೈ ಇಳಿಬಿಟ್ಟ ಮೇಲೆ ಗುರುತಿನ ಮೇಲೆ ಅಳತೆ ಪಟ್ಟಿ ಸುತ್ತಿ. ಚರ್ಮ ಒತ್ತಬಾರದು, ಸಂದೂ ಉಳಿಯಬಾರದು. 125 ಮಿ.ಮೀ.ಗಿಂತ ಕಡಿಮೆಯಾದರೆ ಮಧ್ಯಮ ಅಪೌಷ್ಟಿಕತೆ, 115ಕ್ಕಿಂತ ಕೆಳಗಿದ್ದರೆ ತೀವ್ರ. ಕಣ್ಣಂದಾಜಿಗೆ ನಡುಭಾಗ ಹಿಡಿದವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ನಾಲ್ಕೈದು ಮಿ.ಮೀ. ಏರುಪೇರಿನಲ್ಲಿ ಮಗು ತಪ್ಪು ಗುಂಪಿಗೆ ಸೇರುತ್ತದೆ.

ಅಳತೆ ಪಟ್ಟಿಯನ್ನೇ ನಂಬಿ ಪಾದ ನೋಡದಿರುವುದು ಅದಕ್ಕಿಂತ ದೊಡ್ಡ ತಪ್ಪು. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಕುಳಿ ಉಳಿದರೆ ತೋಳು ಎಷ್ಟೇ ದಪ್ಪವಿರಲಿ, ಅದು ನೀರು ತುಂಬಿದ ಊತ. ಇಂಥ ಮಗುವಿನ ಕೆನ್ನೆ ತುಂಬಿಕೊಂಡಿರುತ್ತದೆ, ಮನೆಯವರಿಗೆ ಪುಷ್ಟಿಯಾಗಿಯೇ ಕಾಣುತ್ತದೆ. ಅದನ್ನು ಅಂದೇ ವೈದ್ಯರ ಬಳಿ ಕಳಿಸಬೇಕು.

ಭೇದಿಯಾದಾಗ ಊಟ ನಿಲ್ಲಿಸುವ ಅಭ್ಯಾಸವೂ ತೂಕ ಕರಗಿಸುತ್ತದೆ. ಓಆರ್‌ಎಸ್ ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಸತುವಿನ ಮಾತ್ರೆ, 10ರಿಂದ 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಮಾತ್ರೆ ಬಿಡಬೇಡಿ. ಎದೆಹಾಲು, ಮೆತ್ತಗಿನ ಊಟ ನಡುವೆಯೂ ಸಾಗಲಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ.