‘ನೈಸ್’ ಅಂದರೆ ಮೊದಲು ‘ದಡ್ಡ’ ಅಂತ ಇತ್ತಾ?

ಪ್ರಶ್ನೆ: ಇಂಗ್ಲಿಷಿನ ‘ನೈಸ್’ ಪದಕ್ಕೆ ಹಿಂದೆ ‘ದಡ್ಡ’ ಅನ್ನೋ ಅರ್ಥ ಇತ್ತು ಅಂತ ವಾಟ್ಸಾಪಿನಲ್ಲಿ ಓದಿದೆ. ನಿಜವಾ? ಹಾಗಾದರೆ ಯಾರಾದರೂ ‘ಯೂ ಆರ್ ಸೋ ನೈಸ್’ ಅಂದರೆ ಬೇಜಾರು ಮಾಡಿಕೊಳ್ಳಬೇಕಾ?

ವಾಟ್ಸಾಪಿನಲ್ಲಿ ಬಂದದ್ದು ನಿಜವಾಗಿರೋದು ಅಪರೂಪ. ಇದು ಆ ಅಪರೂಪದಲ್ಲಿ ಒಂದು. ಬೇಜಾರು ಮಾತ್ರ ಬೇಡ, ಯಾಕೆ ಅಂತ ಹೇಳುತ್ತೇನೆ.

ಲ್ಯಾಟಿನ್ ಭಾಷೆಯಲ್ಲಿ ‘ನೆಸ್ಕಿಯುಸ್’ ಅಂತ ಒಂದು ಪದ. ‘ನೆ’ ಅಂದರೆ ಇಲ್ಲ, ‘ಸ್ಕಿರೆ’ ಅಂದರೆ ತಿಳಿಯುವುದು. ಎರಡೂ ಸೇರಿದರೆ ಏನೂ ತಿಳಿಯದವನು. ‘ಸೈನ್ಸ್’ ಕೂಡ ಇದೇ ‘ಸ್ಕಿರೆ’ಯ ಮನೆತನದ್ದು. ಅಂದರೆ ನೈಸ್ ಮತ್ತು ಸೈನ್ಸ್ ದಾಯಾದಿಗಳು, ಒಬ್ಬ ಓದಿದ, ಒಬ್ಬ ಓದಲಿಲ್ಲ. ಹಳೆಯ ಫ್ರೆಂಚಿನಲ್ಲಿ ಈ ಪದ ‘ಪೆದ್ದ’ ಅನ್ನೋ ಅರ್ಥಕ್ಕೆ ಇಳಿಯಿತು. 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥ. 14ನೇ ಶತಮಾನದ ಕವಿ ಚಾಸರ್ ಯಾರನ್ನಾದರೂ ನೈಸ್ ಅಂದರೆ ಅದು ಹೊಗಳಿಕೆ ಇರಲಿಕ್ಕಿಲ್ಲ.

ಆಮೇಲೆ ಈ ಪದ ಸುಮಾರು ನಾನೂರು ವರ್ಷ ಅಲೆದಾಡಿತು. ಪೆದ್ದ ಅನ್ನೋದರಿಂದ ನಡತೆಗೆಟ್ಟವನು, ನಾಚಿಕೆಯವನು, ಎಲ್ಲದಕ್ಕೂ ಮೂಗು ಮುರಿಯುವವನು ಹೀಗೆಲ್ಲ ಅರ್ಥ ಬಂದವು. ಮೂಗು ಮುರಿಯುವವನು ಸಣ್ಣಪುಟ್ಟದ್ದನ್ನೂ ಗಮನಿಸುತ್ತಾನೆ, ಅಲ್ವಾ? ಹಾಗಾಗಿ ‘ಸೂಕ್ಷ್ಮ’, ‘ಕರಾರುವಾಕ್ಕು’ ಅನ್ನೋ ಅರ್ಥವೂ ಸೇರಿತು. ಸೂಕ್ಷ್ಮದಿಂದ ನಾಜೂಕು, ನಾಜೂಕಿನಿಂದ ಹಿತವಾದದ್ದು. ಇವು ಒಂದಾದ ಮೇಲೊಂದು ಸಾಲಾಗಿ ಬಂದವು ಅಂದುಕೊಳ್ಳಬೇಡಿ. ಎಷ್ಟೋ ಅರ್ಥಗಳು ಒಂದೇ ಕಾಲದಲ್ಲಿ ಗಲಾಟೆ ಮಾಡಿಕೊಂಡು ಇದ್ದವು. 16, 17ನೇ ಶತಮಾನದ ಬರಹಗಳಲ್ಲಿ ನೈಸ್ ಸಿಕ್ಕರೆ ಬರೆದವನ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಹೇಳೋದು ಎಷ್ಟೋ ಸಲ ಕಷ್ಟ ಅಂತ ಆಕ್ಸ್‌ಫರ್ಡ್ ನಿಘಂಟಿನವರೇ ಕೈಚೆಲ್ಲಿದ್ದಾರೆ.

ಈ ಗಲಾಟೆ ಹೇಗಿತ್ತು ಅಂತ ನೋಡೋಕೆ ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಸಾಕು. ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಅಂತ ರೋಮಿಯೋಗೆ ತಿಳಿಸುವ ಪತ್ರ ತಲುಪೋದೇ ಇಲ್ಲ. ಒಯ್ಯಬೇಕಿದ್ದ ಸನ್ಯಾಸಿಯನ್ನು ಪ್ಲೇಗಿನ ಅನುಮಾನದ ಮೇಲೆ ಒಂದು ಮನೆಯಲ್ಲಿ ಕೂಡಿ ಹಾಕಿರುತ್ತಾರೆ. ಸುದ್ದಿ ಕೇಳಿದ ಫ್ರೈಯರ್ ಲಾರೆನ್ಸ್, ಅಂದರೆ ಆ ಪತ್ರ ಬರೆದ ಇನ್ನೊಬ್ಬ ಸನ್ಯಾಸಿ, ಗಾಬರಿಯಿಂದ ‘ದಿ ಲೆಟರ್ ವಾಸ್ ನಾಟ್ ನೈಸ್’ ಅನ್ನುತ್ತಾನೆ. ಇವತ್ತಿನ ಹುಡುಗರು ಓದಿದರೆ ಪತ್ರದಲ್ಲಿ ಏನೋ ಬೈದು ಬರೆದಿತ್ತು ಅಂದುಕೊಳ್ಳಬೇಕು! ಅವನು ಹೇಳಿದ್ದು ‘ಅದು ಸುಮ್ನೆ ಬರೆದ ಪತ್ರ ಅಲ್ಲ’ ಅಂತ. ಇಲ್ಲಿ ನೈಸ್ ಅಂದರೆ ಕ್ಷುಲ್ಲಕ.

18ನೇ ಶತಮಾನದ ಹೊತ್ತಿಗೆ ‘ಚೆನ್ನಾಗಿದೆ’ ಅನ್ನೋ ಅರ್ಥ ಗಟ್ಟಿಯಾಯಿತು. ಗಟ್ಟಿಯಾಗಿದ್ದೇ ತಡ, ಎಲ್ಲರ ಬಾಯಲ್ಲೂ ಅದೇ. ಇದನ್ನು ಜೇನ್ ಆಸ್ಟಿನ್ ಚೆನ್ನಾಗಿ ಗೇಲಿ ಮಾಡಿದ್ದಾಳೆ. 1817ರ ಕೊನೆಗೆ ಹೊರಬಂದ ‘ನಾರ್ಥಂಗರ್ ಆ್ಯಬಿ’ಯಲ್ಲಿ ಕ್ಯಾಥರಿನ್ ಅನ್ನೋ ಹುಡುಗಿ ಒಂದು ಕಾದಂಬರಿಯನ್ನು ಹೊಗಳುತ್ತಾ ಅದು ಪ್ರಪಂಚದಲ್ಲೇ ತುಂಬಾ ನೈಸ್ ಪುಸ್ತಕ ಅಲ್ವಾ ಅಂತ ಕೇಳುತ್ತಾಳೆ. ಜೊತೆಗಿದ್ದ ಹೆನ್ರಿ, ‘ನೈಸ್ ಅಂದರೆ ಅಚ್ಚುಕಟ್ಟು ಅಂತ ತಾನೆ? ಅದು ಬೈಂಡಿಂಗ್ ಮೇಲೆ ಹೋಗುತ್ತೆ’ ಅಂತ ಕಾಲೆಳೆಯುತ್ತಾನೆ. ದಿನವೂ ನೈಸ್, ನಡಿಗೆಯೂ ನೈಸ್, ನೀವಿಬ್ಬರೂ ನೈಸ್, ಎಲ್ಲದಕ್ಕೂ ಇದೊಂದೇ ಪದ ಸಾಕು ಅಂತ ಗೋಳು ಹೊಯ್ದುಕೊಳ್ಳುತ್ತಾನೆ. ಮೊದಲು ಈ ಪದವನ್ನು ಅಚ್ಚುಕಟ್ಟುತನಕ್ಕೆ, ನಾಜೂಕಿಗೆ ಮಾತ್ರ ಹೇಳುತ್ತಿದ್ದರೇನೋ ಅಂತ ಪಾಠ ಬೇರೆ.

ನನಗೆ ನಗು ಬರೋದು ಇಲ್ಲಿ. ಹೆನ್ರಿ ‘ಮೊದಲು’ ಅಂದದ್ದು ಮೊದಲೇ ಅಲ್ಲ! ಅದಕ್ಕೂ ಹಿಂದೆ ಹೋಗಿದ್ದರೆ ಅಚ್ಚುಕಟ್ಟು ಸಿಗುತ್ತಿರಲಿಲ್ಲ, ಪೆದ್ದ ಸಿಗುತ್ತಿದ್ದ. ‘ಪದದ ನಿಜವಾದ ಅರ್ಥ ಇದು’ ಅಂತ ವಾದ ಮಾಡುವವರು ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಹಿಂದಕ್ಕೆ ಹೋಗುತ್ತಾ ತಮಗೆ ಇಷ್ಟವಾದ ಸ್ಟಾಪಿನಲ್ಲಿ ಇಳಿದುಬಿಡುತ್ತಾರೆ. ನಿಮ್ಮ ವಾಟ್ಸಾಪ್ ಸಂದೇಶ ಇನ್ನೂ ಎರಡು ಸ್ಟಾಪ್ ಹಿಂದೆ ಇಳಿದಿದೆ, ಅಷ್ಟೇ. ಹಳೆಯ ಅರ್ಥ ಹಳೆಯದು ನಿಜ, ಆದರೆ ಇವತ್ತು ಮಾತಾಡುವವರ ಮನಸ್ಸಿನಲ್ಲಿ ಅದು ಇಲ್ಲ.

ಇದೇ ಹೊತ್ತಿಗೆ ಇನ್ನೊಂದು ಪದ ಎದುರು ದಿಕ್ಕಿನಲ್ಲಿ ನಡೆಯಿತು. ‘ಸಿಲ್ಲಿ’ ಮೊದಲು ಸುಖಿ, ದೇವರ ಕೃಪೆ ಇರುವವನು. ಆಮೇಲೆ ಅಮಾಯಕ, ಆಮೇಲೆ ಅಯ್ಯೋ ಪಾಪ ಅನಿಸುವವನು, ಕೊನೆಗೆ ದಡ್ಡ. ಕ್ರಿಕೆಟ್ಟಿನ ‘ಸಿಲ್ಲಿ ಪಾಯಿಂಟ್’ ನೆನಪಿದೆಯಲ್ಲ, ಬ್ಯಾಟಿನ ಮೂತಿಗೇ ಹೋಗಿ ನಿಲ್ಲೋದು? ಅದು ಈ ಕೊನೆಯ ಅರ್ಥ.

ನಮ್ಮಲ್ಲಿ ಹೀಗಾಗಿಲ್ಲ ಅಂದುಕೊಂಡರೆ ‘ಮುಗ್ಧ’ ಪದ ನೋಡಿ. ಸಂಸ್ಕೃತದಲ್ಲಿ ಅದೂ ‘ಮೂಢ’ವೂ ಒಂದೇ ಧಾತುವಿನ ಮಕ್ಕಳು. ಎರಡಕ್ಕೂ ದಿಕ್ಕು ತೋಚದವನು ಅನ್ನೋ ಅರ್ಥವೇ ಮೂಲ. ಇವತ್ತು ಮಗುವನ್ನು ಮುಗ್ಧ ಅಂದರೆ ತಾಯಿಗೆ ಖುಷಿ, ಮೂಢ ಅಂದರೆ ಜಗಳ. ಇನ್ನು ‘ಒಳ್ಳೆ’ ಪದದ ಪಾಡು ಕೇಳಲೇಬೇಡಿ. ‘ಒಳ್ಳೆ ಕೋತಿ ಥರ ಆಡ್ತಾನೆ’ ಅನ್ನುವಾಗ ಅದರಲ್ಲಿ ಒಳ್ಳೆಯದು ಏನಿದೆ?

ನೈಸ್ ಪದವನ್ನು ನಾವೂ ಸುಮ್ನೆ ಬಿಟ್ಟಿಲ್ಲ. ನಮ್ಮ ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಮಿಕ್ಸಿ ಮುಚ್ಚಳ ತೆಗೆದು, ಉದ್ದಿನ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ‘ಇನ್ನೂ ನೈಸಾಗಿಲ್ಲ, ಇನ್ನೊಂದು ಸುತ್ತು ತಿರುಗಿಸು’ ಅನ್ನುತ್ತಾಳೆ. ಚಟ್ನಿ ತರಿತರಿಯಾಗಿದ್ದರೆ ಚೆಂದ, ದೋಸೆ ಹಿಟ್ಟು ನೈಸಾಗಬೇಕು. ಇಂಗ್ಲಿಷಿನವರಿಗೆ ಇಲ್ಲಿ ‘ಸ್ಮೂತ್’ ಬೇಕು, ನಮಗೆ ನೈಸೇ ಸರಿ. ಕೆಲಸ ಬಂದಾಗ ನೈಸಾಗಿ ಜಾರಿಕೊಳ್ಳುವ ತಮ್ಮ ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ಬೆಂಗಳೂರಿನ ನೈಸ್ ರೋಡಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಕಂಪನಿ ಹೆಸರಿನ ಮೊದಲಕ್ಷರಗಳು.

ಹಾಗಾಗಿ ‘ಯೂ ಆರ್ ಸೋ ನೈಸ್’ ಅಂದವರಿಗೆ ಧಾರಾಳವಾಗಿ ಥ್ಯಾಂಕ್ಸ್ ಹೇಳಿ. ಆದರೆ ಪಕ್ಕದ ಮನೆಯ ಆಂಟಿ ದನಿ ತಗ್ಗಿಸಿ, ‘ಅವನು ತುಂಬಾ ನೈಸ್ ಮಾಡ್ತಾನೆ ಕಣಮ್ಮ’ ಅಂದರೆ ಅದು ಹೊಗಳಿಕೆ ಅಲ್ಲ. ಅವನು ಸಾಲ ಕೇಳೋಕೆ ಬರುತ್ತಿರಬಹುದು.