ಗಾಂಜಾ ಸೇದಿದರೆ ಕಿವಿ ಮಂದವಾಗುತ್ತದೆಯೇ?

ಗಾಂಜಾ ಮತ್ತು ಕಿವಿಯ ಮಾತು ಬಂದಾಗಲೆಲ್ಲ ಮೂರು ವಾದ ಕೇಳಿಬರುತ್ತವೆ. ಸೇದಿದರೆ ಕಿವಿ ಚುರುಕಾಗುತ್ತದೆ ಅನ್ನುವವರು ಒಂದಷ್ಟು ಜನ. ಕಿವುಡಾಗುತ್ತೀರಿ ಎಂದು ಹೆದರಿಸುವವರು ಇನ್ನೊಂದಷ್ಟು. ಈಚೆಗೆ ಗಾಂಜಾ ಎಣ್ಣೆ ಕಿವಿಯಲ್ಲಿ ಗುಂಯ್ ಅನ್ನುವ ಮೊರೆತಕ್ಕೆ ರಾಮಬಾಣ ಅಂತ ಹೇಳುವವರೂ ಸೇರಿಕೊಂಡಿದ್ದಾರೆ. ಮೂವರೂ ಎಡವುವುದು ಒಂದೇ ಜಾಗದಲ್ಲಿ. ಕೇಳಿಸಿಕೊಳ್ಳುವ ಕೆಲಸವೆಲ್ಲ ಕಿವಿಯಲ್ಲೇ ಮುಗಿಯುತ್ತದೆ ಅಂದುಕೊಂಡಿರುತ್ತಾರೆ. ಕಿವಿ ಸದ್ದನ್ನು ಹಿಡಿದು ಒಳಗೆ ಕಳಿಸುತ್ತದೆ, ಅಷ್ಟೇ. ಯಾವುದು ಜೋರು, ಯಾವುದು ಮೆಲ್ಲಗೆ, ಯಾವುದನ್ನು ಲೆಕ್ಕಕ್ಕೇ ತಗೋಬಾರದು ಅಂತ ತೀರ್ಮಾನ ಮಾಡುವುದು ಮಿದುಳು. ಗಾಂಜಾ ಕೈಯಾಡಿಸುವುದು ಹೆಚ್ಚಾಗಿ ಅಲ್ಲಿ.

ಮೊದಲು ‘ಚುರುಕು’ ಅನ್ನುವ ಮಾತು ನೋಡೋಣ. ಇದು ಹಳೆಯದು. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಜೋಸೆಫ್ ಮೊರೊ ಅನ್ನುವ ಮನೋವೈದ್ಯ, ಗಾಂಜಾ ಗಿಡದ ಅಂಟಿನಿಂದ ಮಾಡುವ ಹಶೀಶ್ ತಿಂದರೆ ಮನಸ್ಸಿಗೆ ಏನಾಗುತ್ತದೆ ಎಂದು ತನ್ನ ಮೇಲೂ, ಸಾಹಿತಿ ಗೆಳೆಯರ ಮೇಲೂ ಪರೀಕ್ಷೆ ಮಾಡುತ್ತಿದ್ದ. ಅವರಲ್ಲಿ ಒಬ್ಬ ಕವಿ ತೆಯೊಫಿಲ್ ಗೋತಿಯೆ. ತನ್ನ ಕಿವಿ ವಿಪರೀತ ಚುರುಕಾಗಿ ಬಣ್ಣಗಳ ಸದ್ದೂ ಕೇಳಿಸಿತು, ಕುರ್ಚಿ ಕಿರುಗುಟ್ಟಿದ್ದು ಗುಡುಗಿನಂತೆ ಮೊಳಗಿತು, ಗೋಡೆ ಬಿದ್ದೀತು ಅಂತ ಮಾತಾಡಲೂ ಹೆದರಿದೆ ಎಂದು 1843ರಲ್ಲಿ ಆತ ಬರೆದ. ಅವನು ಸುಳ್ಳು ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೆ ಹಾಗೆಯೇ ಅನುಭವವಾಗಿದೆ. ಆದರೆ ಸುಮಾರು 130 ವರ್ಷದ ನಂತರ, 1970ರ ಆಸುಪಾಸಿನಲ್ಲಿ, ಸ್ವಯಂಸೇವಕರಿಗೆ ಗಾಂಜಾ ಕೊಟ್ಟು, ಹೆಡ್‌ಫೋನ್ ಹಾಕಿ, ಎಷ್ಟು ಸಣ್ಣ ಸದ್ದಿನವರೆಗೆ ಕೇಳುತ್ತದೆ ಎಂದು ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಿವಿ ಚುರುಕೂ ಆಗಿರಲಿಲ್ಲ, ಮಂದವೂ ಆಗಿರಲಿಲ್ಲ. ಸದ್ದು ಅಷ್ಟೇ ಇತ್ತು, ಅದಕ್ಕೆ ಮನಸ್ಸು ಕೊಟ್ಟ ತೂಕ ಬದಲಾಗಿತ್ತು.

ಹಾಗಾದರೆ ಕಿವುಡು? ನಿಜವಾದ ಕಿವುಡು ಸಾಮಾನ್ಯವಾಗಿ ಶುರುವಾಗುವುದು ಒಳಕಿವಿಯ ಕಾಕ್ಲಿಯಾದಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಅದರೊಳಗೆ ಸದ್ದನ್ನು ನರದ ಸುದ್ದಿಯಾಗಿಸುವ ಸುಮಾರು 15,000 ಕೂದಲುಕೋಶಗಳಿವೆ. ಕಣ್ಣಿನ ಬೆಳಕುಕೋಶಗಳು 10 ಕೋಟಿಗೂ ಮೀರಿ ಇರುವಾಗ ಕಿವಿಗೆ ಸಿಕ್ಕಿರುವುದು ಇಷ್ಟೇ! ಹಕ್ಕಿಗಳಲ್ಲಿ ಈ ಕೋಶ ಸತ್ತರೆ ಮತ್ತೆ ಹುಟ್ಟುತ್ತದೆ. ನಮ್ಮಲ್ಲಿ ಹುಟ್ಟುವುದಿಲ್ಲ. ಜೋರು ಸದ್ದು ಇವನ್ನು ಕೊಲ್ಲುತ್ತದೆ, ಜೆಂಟಮೈಸಿನ್‌ನಂಥ ಆ್ಯಂಟಿಬಯಾಟಿಕ್ ಕೊಲ್ಲುತ್ತದೆ, ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಕೊಲ್ಲುತ್ತದೆ. ಇವುಗಳ ಮೇಲೆ ಸಾಕ್ಷಿ ಗಟ್ಟಿಯಾಗಿದೆ. ಗಾಂಜಾ ಈ ಸಾಲಿಗೆ ಸೇರುತ್ತದೆ ಅನ್ನುವುದಕ್ಕೆ ಅಂಥ ಗಟ್ಟಿ ಸಾಕ್ಷಿ ಇಲ್ಲ. ಹೆದರಿಸುವವರಿಗೆ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಸುಳ್ಳು ಹೆದರಿಕೆ ಒಂದು ಸಲ ಬಯಲಾದರೆ ಆಮೇಲೆ ನಿಜವಾದ ಎಚ್ಚರಿಕೆಯನ್ನೂ ಯಾರೂ ಕೇಳುವುದಿಲ್ಲ, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1964ರಲ್ಲಿ ಇಸ್ರೇಲ್‌ನ ರಾಫೆಲ್ ಮೆಶೂಲಂ ಮತ್ತು ಯೆಹಿಯಲ್ ಗಾವೊನಿ ಗಾಂಜಾದ ಮತ್ತಿನ ಮೂಲವಾದ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ತೋರಿಸಿದರು. ಅದು ಹೋಗಿ ಕೂರುವ ಜಾಗ, ಅಂದರೆ ಸಿಬಿ1 ಅನ್ನುವ ಗ್ರಾಹಕದ ಜೀನ್ 1990ರಲ್ಲಿ ಸಿಕ್ಕಿತು. ಆಗ ಎಲ್ಲರಿಗೂ ಒಂದೇ ಪ್ರಶ್ನೆ. ಯಾವುದೋ ಗಿಡದ ರಸಕ್ಕೆಂದು ನಮ್ಮ ಮಿದುಳು ಯಾಕೆ ಬೀಗ ಇಟ್ಟುಕೊಂಡಿರುತ್ತದೆ? ಕೀಲಿಕೈ ನಮ್ಮ ಮೈಯಲ್ಲೇ ಇರಬೇಕು. 1992ರಲ್ಲಿ ಮೆಶೂಲಂ ತಂಡಕ್ಕೆ ಅದು ಸಿಕ್ಕಿತು. ಹೆಸರು ಆನಂದಮೈಡ್. ಹೌದು, ನಮ್ಮ ‘ಆನಂದ’ವೇ! ಸಂಸ್ಕೃತದ ಆ ಪದವನ್ನು ತೆಗೆದುಕೊಂಡೇ ಹೆಸರಿಟ್ಟರು.

ಈ ಆನಂದಮೈಡ್ ಮತ್ತು ಅದರ ಬಳಗ ಮಾಡುವ ಕೆಲಸ ವಿಚಿತ್ರವಾದದ್ದು. ನರಕೋಶಗಳ ನಡುವೆ ಸುದ್ದಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹೋಗುತ್ತದೆ, ಕಳಿಸುವವನಿಂದ ಪಡೆಯುವವನಿಗೆ. ಆದರೆ ಇವು ಹಿಮ್ಮುಖವಾಗಿ ಹೋಗುತ್ತವೆ. ಸುದ್ದಿ ಜಾಸ್ತಿಯಾದಾಗ ಪಡೆಯುವ ಕೋಶವೇ ಇವನ್ನು ಆಗಿಂದಾಗಲೇ ತಯಾರಿಸಿ ಹಿಂದಕ್ಕೆ ಬಿಡುತ್ತದೆ, ಕಳಿಸುವ ಕೋಶದ ಸಿಬಿ1ಗೆ ಅದು ತಾಗಿದ ಕೂಡಲೇ ಸುದ್ದಿಯ ಹರಿವು ತಗ್ಗುತ್ತದೆ. ಇದನ್ನು ಮೂರು ಪ್ರಯೋಗಾಲಯಗಳು ಬೇರೆಬೇರೆಯಾಗಿ 2001ರಲ್ಲಿ ತೋರಿಸಿದವು. ನೀರಿನ ಟ್ಯಾಂಕಿನ ತೇಲುಗುಂಡನ್ನು ನೆನಪಿಸಿಕೊಳ್ಳಿ. ನೀರು ತುಂಬಿದಂತೆ ಗುಂಡು ಮೇಲೇರಿ ನಲ್ಲಿಯನ್ನು ತಾನೇ ಮುಚ್ಚುತ್ತದೆ. ಇಲ್ಲವೇ ಸಭೆಯಲ್ಲಿ ಹಿಂದೆ ಕೂತವರು ‘ಮೈಕ್ ಸ್ವಲ್ಪ ಕಮ್ಮಿ ಮಾಡಿ’ ಅಂತ ಕೈಸನ್ನೆ ಮಾಡಿದ ಹಾಗೆ. ಸನ್ನೆ ಬೇಕಾದಾಗ ಬರುತ್ತದೆ, ಬೇಕಾದ ಕಡೆಯಷ್ಟೇ ಬರುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಈ ಕೊನೆಯ ಮಾತು ಮುಖ್ಯ.

ಟಿಎಚ್‌ಸಿ ಹಾಗಲ್ಲ. ಅದು ಇಡೀ ಮಿದುಳಿಗೆ ಒಟ್ಟಿಗೆ ನುಗ್ಗುತ್ತದೆ, ಗಂಟೆಗಟ್ಟಲೆ ಇರುತ್ತದೆ. ಒಂದು ಟ್ಯಾಂಕಿನ ತೇಲುಗುಂಡನ್ನು ಎತ್ತಿ ಹಿಡಿದರೆ ಒಂದು ಮನೆಯ ನೀರು ನಿಲ್ಲುತ್ತದೆ. ಊರಿನ ಎಲ್ಲ ತೇಲುಗುಂಡುಗಳನ್ನೂ ಒಂದೇ ಸಲ ಹಗ್ಗ ಕಟ್ಟಿ ಎತ್ತಿದರೆ? ಇನ್ನೂ ಒಂದು ತೊಡಕಿದೆ. ನರಗಳಲ್ಲಿ ಹುರಿದುಂಬಿಸುವವೂ ಇವೆ, ಸುಮ್ಮನಿರಿಸುವವೂ ಇವೆ. ಸಿಬಿ1 ಎರಡರ ತುದಿಯಲ್ಲೂ ಕೂತಿರುತ್ತದೆ. ಹುರಿದುಂಬಿಸುವ ನರಕ್ಕೆ ತಡೆ ಬಿದ್ದರೆ ಗಲಾಟೆ ತಗ್ಗುತ್ತದೆ. ಸುಮ್ಮನಿರಿಸುವ ನರಕ್ಕೇ ತಡೆ ಬಿದ್ದರೆ ಗಲಾಟೆ ಏರುತ್ತದೆ, ತರಗತಿಯಲ್ಲಿ ಮೇಷ್ಟ್ರ ಬಾಯಿಗೇ ಬಟ್ಟೆ ಕಟ್ಟಿದ ಹಾಗೆ.

ಕಿವಿಯ ನರ ಮಿದುಳುಕಾಂಡಕ್ಕೆ ಬಂದು ಮೊದಲು ತಲುಪುವ ಕಾಕ್ಲಿಯರ್ ನ್ಯೂಕ್ಲಿಯಸ್‌ನಲ್ಲೂ ಈ ಸಿಬಿ1 ಇದೆ. ಅದರ ಬೆನ್ನಿನ ಕಡೆಯ ಭಾಗಕ್ಕೆ ಕಿವಿಯಿಂದಷ್ಟೇ ಅಲ್ಲದೆ ದವಡೆ, ಕತ್ತುಗಳಿಂದಲೂ ಸುದ್ದಿ ಬರುತ್ತದೆ. ಕಿವಿ ಮೊರೆಯುವವರಲ್ಲಿ ಕೆಲವರಿಗೆ ಹಲ್ಲು ಕಚ್ಚಿದರೆ ಮೊರೆತದ ಸದ್ದು ಬದಲಾಗುವುದು ಇದರಿಂದಲೇ ಎಂದು ತಿಳಿಯಲಾಗಿದೆ. ಹೊರಗೆ ಸದ್ದೇ ಇಲ್ಲದಿದ್ದರೂ ಗುಂಯ್ ಅನ್ನುವ ಈ ಮೊರೆತ ಹುಟ್ಟುವುದರಲ್ಲಿ ಈ ಭಾಗದ ನರಗಳ ಅತಿಯಾದ ಚಟುವಟಿಕೆಗೆ ದೊಡ್ಡ ಪಾಲಿದೆ. ಕಾಕ್ಲಿಯಾದಿಂದ ಬರುವ ಸುದ್ದಿ ಕಮ್ಮಿಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸುತ್ತದೆ, ಆಗ ತನ್ನದೇ ನರಗಳ ಗದ್ದಲ ಅದಕ್ಕೆ ಕೇಳಿಸತೊಡಗುತ್ತದೆ.

ಗಾಂಜಾದ ಅಂಶಗಳು ಅಪಸ್ಮಾರದ ಸೆಳೆತವನ್ನು ತಗ್ಗಿಸಬಲ್ಲವು. ಹಾಗಾಗಿ ಮೊರೆತವನ್ನೂ ತಗ್ಗಿಸಬಹುದು ಅನ್ನುವ ಆಸೆ ವಿಜ್ಞಾನಿಗಳಿಗೇ ಇತ್ತು. ಪರೀಕ್ಷೆ ನಡೆದದ್ದು ನ್ಯೂಜಿಲೆಂಡ್‌ನಲ್ಲಿ, ಇಲಿಗಳ ಮೇಲೆ. ಇಲಿಗೆ ಕಿವಿ ಮೊರೆಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ಉಪಾಯ ಸೊಗಸಾಗಿದೆ. ಸದ್ದು ನಿಂತು ಪೂರ್ತಿ ಮೌನವಾದಾಗ ಸಣ್ಣ ಶಾಕ್ ಹೊಡೆಯುತ್ತದೆ ಎಂದು ಇಲಿಗೆ ಮೊದಲು ಕಲಿಸುತ್ತಾರೆ. ಕಲಿತ ಇಲಿ ಮೌನವಾದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಮುದುಡಿ ನಿಲ್ಲುತ್ತದೆ. ಕಿವಿ ಮೊರೆಯುವ ಇಲಿಗೆ ಮೌನ ಅನ್ನುವುದೇ ಇಲ್ಲ, ಅದು ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತದೆ. 2015ರಲ್ಲಿ ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದ ತಂಡ ಜೋರು ಸದ್ದಿಗೆ ಒಡ್ಡಿದ ಇಲಿಗಳಿಗೆ ಟಿಎಚ್‌ಸಿ ಮತ್ತು ಸಿಬಿಡಿಗಳನ್ನು (ಸಿಬಿಡಿ ಅಂದರೆ ಗಾಂಜಾದಲ್ಲೇ ಇರುವ, ಮತ್ತು ಬರಿಸದ ಇನ್ನೊಂದು ಅಂಶ) ಸಮವಾಗಿ ಬೆರೆಸಿ ಕೊಟ್ಟಿತು. ಮೊರೆತದ ಲಕ್ಷಣ ತೋರಿದ ಇಲಿಗಳು ಕಮ್ಮಿಯಾಗಲಿಲ್ಲ, ಹೆಚ್ಚಾದವು. ‘ಮೊರೆತಕ್ಕೆ ಮದ್ದು’ ಅನ್ನುವವರಿಗೆ ನಾನು ಮೊದಲು ತೋರಿಸಬೇಕೆಂದಿರುವುದು ಇದನ್ನೇ.

ಮನುಷ್ಯರ ಕತೆ ಇಷ್ಟು ನೇರವಾಗಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿ ಇಟ್ಟುಕೊಂಡು ಮಾಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಯಮಿತವಾಗಿ ಗಾಂಜಾ ಬಳಸುವವರಲ್ಲಿ ಕಿವಿ ಮೊರೆತ ಹೆಚ್ಚು ಕಂಡಿತು, ಆದರೆ ಜಾಸ್ತಿ ಬಳಸಿದಷ್ಟೂ ಜಾಸ್ತಿ ಮೊರೆತ ಅನ್ನುವ ಏರಿಕೆ ಕಾಣಲಿಲ್ಲ. ಇದರಿಂದ ಗಾಂಜಾವೇ ಕಾರಣ ಎಂದು ಹೇಳಲು ಬರುವುದಿಲ್ಲ. ಮೊರೆತದಿಂದ ನಿದ್ದೆಗೆಟ್ಟವರು ಸಮಾಧಾನಕ್ಕೆಂದು ಗಾಂಜಾ ಹಿಡಿದಿರಬಹುದು. ಗಾಂಜಾ ಸೇದುವವರಲ್ಲಿ ತಂಬಾಕು ಸೇದುವವರೂ ಹೆಚ್ಚು, ತಂಬಾಕು ಕಿವಿಗೆ ಕೆಟ್ಟದ್ದು ಅಂತ ಗೊತ್ತೇ ಇದೆ. ಜೊತೆಗೆ ಸಂಗೀತ. ಗಾಂಜಾ ಮತ್ತು ದೊಡ್ಡ ಸ್ಪೀಕರ್ ಒಟ್ಟೊಟ್ಟಿಗೇ ಸಿಗುವ ಜಾಗಗಳು ಎಷ್ಟಿಲ್ಲ? ದಿನಕ್ಕೆ 85 ಡೆಸಿಬೆಲ್ ಸದ್ದನ್ನು 8 ಗಂಟೆ ತಡೆಯಬಹುದು ಎನ್ನುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಬಂದರೆ ಉಳಿಯುವುದು 15 ನಿಮಿಷ. ಮತ್ತಿನಲ್ಲಿ ಹೊತ್ತಿನ ಅಂದಾಜೇ ತಪ್ಪುವವರಿಗೆ ಈ ಲೆಕ್ಕ ಎಲ್ಲಿ ನೆನಪಿರುತ್ತದೆ?

ಹೊಗೆಯ ವಿಷಯವನ್ನೂ ಬಿಡುವ ಹಾಗಿಲ್ಲ. ಒಳಕಿವಿಗೆ ರಕ್ತ ಬರುವುದು ಒಂದೇ ಸಣ್ಣ ಧಮನಿಯಿಂದ, ಬದಲಿ ದಾರಿ ಇಲ್ಲ. ಕಾಕ್ಲಿಯಾ ಆಮ್ಲಜನಕದ ಹಸಿವು ಜಾಸ್ತಿ ಇರುವ ಅಂಗ. ತಂಬಾಕಿಗೆ ಹೋಲಿಸಿದರೆ ಗಾಂಜಾ ಸೇದಿದಾಗ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸುಮಾರು 5 ಪಟ್ಟು ಏರಿದ್ದನ್ನು 1988ರಲ್ಲಿ ಅಮೆರಿಕದ ವೈದ್ಯರು ಅಳೆದಿದ್ದಾರೆ. ದಮ್ಮೆಳೆದು ಒಳಗೇ ಹಿಡಿದಿಟ್ಟುಕೊಳ್ಳುವ ಅಭ್ಯಾಸ ಅದಕ್ಕೆ ಒಂದು ಕಾರಣ. ಇದರಿಂದ ಕಿವಿ ಕೆಡುತ್ತದೆ ಎಂದು ಸಾಬೀತಾಗಿಲ್ಲ. ಆದರೂ ಉಸಿರಿಗೆ ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಇದು ಒಳ್ಳೆಯದಾಗುವ ದಾರಿಯೇ ನನಗೆ ಕಾಣುವುದಿಲ್ಲ.

ಕೊನೆಗೆ ಎಣ್ಣೆ ಹನಿ. ಕಿವಿನೋವಿಗೆ ಗಾಂಜಾ ರಸ ಬಿಡುವ ಸಲಹೆ ಸುಮಾರು 1,900 ವರ್ಷದ ಹಿಂದೆ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ಕೊಟ್ಟದ್ದು. ಹಳೆಯದು ಅಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಕಿವಿಗೆ ಬಿಟ್ಟ ಎಣ್ಣೆ ತಮಟೆಯ ಹತ್ತಿರ ನಿಲ್ಲುತ್ತದೆ. ಮೊರೆತ ಹುಟ್ಟುವ ಜಾಗ ಅದರಾಚೆ, ಮೂಳೆಯೊಳಗೆ, ಮಿದುಳಿನೊಳಗೆ. ತಮಟೆ ಮೊದಲೇ ತೂತಾಗಿದ್ದರೆ ಎಣ್ಣೆ ಒಳಹೋಗಿ ಸೋಂಕು ತರಬಹುದು.

ಇದೆಲ್ಲದರ ನಡುವೆ ಒಂದು ನಿಜವಾದ ಭರವಸೆಯೂ ಇದೆ, ಅದು ಸಿಬಿ2 ಅನ್ನುವ ಇನ್ನೊಂದು ಗ್ರಾಹಕದ ಕಡೆಯಿಂದ. ಇದು ಕಾಕ್ಲಿಯಾದಲ್ಲೂ ಇದೆ. ಸಿಬಿ2ವನ್ನು ಮಾತ್ರ ಚುರುಕುಗೊಳಿಸುವ, ಪ್ರಯೋಗಾಲಯದಲ್ಲಿ ತಯಾರಾದ ಅಣುವನ್ನು ಕೊಟ್ಟಾಗ ಸಿಸ್‌ಪ್ಲಾಟಿನ್‌ನಿಂದ ಇಲಿಗಳ ಕಿವಿಗೆ ಆಗುವ ಹಾನಿ ತಗ್ಗಿದ್ದು 2018ರಲ್ಲಿ ಪ್ರಕಟವಾಯಿತು. ಆ ಅಣುವಿಗೂ ಸೇದುವ ಗಾಂಜಾಕ್ಕೂ ತುಂಬಾ ದೂರ. ಮುಂದೊಂದು ದಿನ ಕ್ಯಾನ್ಸರ್ ಗೆದ್ದ ಮಗುವಿನ ಕಿವಿಯನ್ನೂ ಉಳಿಸುವ ಔಷಧ ಈ ದಾರಿಯಲ್ಲಿ ಬಂದರೆ ನನಗಿಂತ ಖುಷಿಪಡುವವರು ಇರಲಿಕ್ಕಿಲ್ಲ. ಅಲ್ಲಿಯವರೆಗೆ, ಗಾಂಜಾ ಬಳಸುವವರಿಗೆ ಹೊಸದಾಗಿ ಮೊರೆತ ಶುರುವಾದರೆ ಆ ಬಳಕೆಯ ವಿಷಯವನ್ನು ಕಿವಿ ವೈದ್ಯರಿಂದ ಮುಚ್ಚಿಡಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಗುಗ್ಗೆ ಇರಬೇಕು ಅಂತ ವಾರಗಟ್ಟಲೆ ಕಾಯಬೇಡಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧ ಕೆಲಸ ಮಾಡುವ ಸಾಧ್ಯತೆ ಮೊದಲ ಎರಡು ವಾರಗಳಲ್ಲಿ ಹೆಚ್ಚು.